ಒಂಬತ್ತನೇ ತರಗತಿಯ ಪೋಷಕರಿಗೆ: ಶನಿವಾರದ ಜಾಹೀರಾತು ಪಾಠದ ಬಗ್ಗೆ

ಮಾನ್ಯ ಪೋಷಕರೇ,

ಹೋದ ವಾರ ಶಾಲೆ ಗೇಟಿನ ಹತ್ತಿರ ಒಬ್ಬ ತಂದೆ ನನ್ನನ್ನು ನಿಲ್ಲಿಸಿ ಕೇಳಿದರು: "ಮೇಡಮ್ಮೋರೆ, ಕನ್ನಡ ಮೇಷ್ಟ್ರು ಪಾಠ ಬುಟ್ಟು ಮಕ್ಕಳಿಗೆ ಟೀವಿ ಅಡ್ವಟೈಸ್‌ಮೆಂಟ್ ತೋರುಸ್ತಾವ್ರಂತೆ, ನಿಜವಾ?" ನಿಜ. ಅದಕ್ಕೆ ಒಪ್ಪಿಗೆ ಕೊಟ್ಟವಳು ನಾನೇ. ಯಾಕೆ ಕೊಟ್ಟೆ ಅನ್ನುವುದನ್ನು ಗೇಟಿನ ಬಳಿ ನಿಂತು ಪೂರ್ತಿ ಹೇಳಲಾಗಲಿಲ್ಲ. ಅದೇ ಅನುಮಾನ ನಿಮ್ಮಲ್ಲಿ ಇನ್ನೂ ಕೆಲವರಿಗೆ ಇರಬಹುದು ಅನ್ನಿಸಿ ಎಲ್ಲರಿಗೂ ಬರೆಯುತ್ತಿದ್ದೇನೆ.

ಶನಿವಾರದ ಕೊನೆಯ ಪೀರಿಯಡ್‌ನಲ್ಲಿ ಮಕ್ಕಳು ಒಂದು ಜಾಹೀರಾತನ್ನೋ, ಪತ್ರಿಕೆಯ ಬರಹವನ್ನೋ, ಸಿನಿಮಾದ ದೃಶ್ಯವನ್ನೋ ಎದುರಿಗಿಟ್ಟುಕೊಂಡು, ಅದು ನಮ್ಮನ್ನು ಹೇಗೆ ಒಪ್ಪಿಸುತ್ತದೆ ಎಂದು ಬಿಡಿಸಿ ನೋಡುತ್ತಾರೆ. ಇದು ಪಾಠದ ಹೊರಗಿನದಲ್ಲ. ಅಲಂಕಾರಗಳನ್ನು ನಾವೂ ಓದಿದ್ದೇವಲ್ಲ: 'ಸೀತೆಯ ಮುಖ ಕಮಲದಂತೆ ಅರಳಿತು' ಅಂದರೆ ಉಪಮೆ, 'ಸೀತೆಯ ಮುಖಕಮಲ ಅರಳಿತು' ಅಂದರೆ ರೂಪಕ. ಉಪಮೇಯ, ಉಪಮಾನ ಬರೆದು ಸಮನ್ವಯ ಮಾಡಿದರೆ ಅಂಕ ಬಂತು, ಅಲ್ಲಿಗೆ ಮುಗಿಯಿತು. ಅದೇ ರೂಪಕ ಸೋಪಿನ ಕವರಿನ ಮೇಲೆ, ಚುನಾವಣೆಯ ಭಾಷಣದಲ್ಲಿ ದಿನವೂ ದುಡಿಯುತ್ತಿರುತ್ತದೆ ಎಂದು ನಮಗೆ ಯಾರೂ ತೋರಿಸಿಕೊಡಲಿಲ್ಲ.

ಮೊದಲ ವಾರ ಮೇಷ್ಟ್ರು ಅರಿಸ್ಟಾಟಲ್‌ನಿಂದ ಶುರುಮಾಡಿದರು. ಮಾತಿನಿಂದ ಜನರನ್ನು ಒಪ್ಪಿಸಲು ಮೂರು ದಾರಿಗಳಿವೆ ಎಂದು ಆ ಗ್ರೀಕ್ ಪಂಡಿತ 2,300 ವರ್ಷಗಳ ಹಿಂದೆಯೇ ವಿಂಗಡಿಸಿದ್ದ: ಹೇಳುವವರ ಮೇಲಿನ ನಂಬಿಕೆ, ಕೇಳುವವರ ಮನಸ್ಸಿನ ಭಾವ, ಮಾತಿನೊಳಗಿನ ತರ್ಕ. ಟೂತ್‌ಪೇಸ್ಟ್ ಜಾಹೀರಾತಿನಲ್ಲಿ ಬಿಳಿ ಕೋಟು ಯಾಕೆ, ಮಗುವಿನ ಹಿಂದೆ ಕಳವಳದ ಮುಖ ಹೊತ್ತ ತಾಯಿ ಯಾಕೆ, '99.9' ಎಂಬ ಅಂಕಿ ಯಾಕೆ ಎಂದು ಕೇಳಿದ್ದಕ್ಕೆ ಮಕ್ಕಳು ಮೂರನ್ನೂ ಸರಿಯಾದ ಮನೆಗೆ ಸೇರಿಸಿದರು.

ಎರಡನೇ ವಾರ ಒಬ್ಬ ಹುಡುಗಿ ಮನೆಯಿಂದ ಕಬ್ಬಿನ ಬೆಳೆಯ ಟಾನಿಕ್ಕಿನ ಕರಪತ್ರ ತಂದಿದ್ದಳು. ಆಳೆತ್ತರದ ಕಬ್ಬಿನ ಮುಂದೆ ರೈತರೊಬ್ಬರು ನಗುತ್ತಾ ನಿಂತ ಫೋಟೊ, ಕೆಳಗೆ ದಪ್ಪಕ್ಷರದಲ್ಲಿ 'ಎಕರೆಗೆ 100 ಟನ್‌ವರೆಗೆ ಇಳುವರಿ'. ಅವಳು ಕೆಂಪು ಪೆನ್ನಿನಲ್ಲಿ ಗೆರೆ ಎಳೆದದ್ದು ನೂರಕ್ಕಲ್ಲ, 'ವರೆಗೆ' ಅನ್ನುವುದಕ್ಕೆ. "ಮೂವತ್ತು ಟನ್ ಬಂದ್ರೂ ಇವರು ಹೇಳಿದ್ದು ಸುಳ್ಳಾಗಲ್ಲ ಸರ್" ಅಂದಳು. ಆ ಕರಪತ್ರದಲ್ಲಿ ಹೇಳಿಕೆಯೆಲ್ಲ ಕನ್ನಡದಲ್ಲಿ, ಷರತ್ತುಗಳು ಮಾತ್ರ ಅಂಚಿನಲ್ಲಿ, ಇರುವೆ ಸಾಲಿನಂಥ ಇಂಗ್ಲಿಷಿನಲ್ಲಿ. ದಾರಿ ತಪ್ಪಿಸುವ ಜಾಹೀರಾತುಗಳನ್ನು ತಡೆಯಲು 2022ರಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಹೇಳುವುದೇ ಬೇರೆ: ಹೇಳಿಕೆ ಯಾವ ಭಾಷೆಯಲ್ಲಿದೆಯೋ ಷರತ್ತೂ ಅದೇ ಭಾಷೆಯಲ್ಲಿರಬೇಕು. ಹದಿನಾಲ್ಕು ವರ್ಷದ ಹುಡುಗಿ ತನ್ನ ಕಣ್ಣಿಂದಲೇ ಇದನ್ನು ಹಿಡಿದದ್ದು ಕಂಡು ನನಗೆ ತುಂಬಾ ಸಂತೋಷವಾಯಿತು.

ಸಿನಿಮಾದ ವಾರವನ್ನು ಮಾತ್ರ ನಾನು ಮರೆಯುವಂತಿಲ್ಲ. ಬಿಸಿಯೂಟದ ಅಡುಗೆ ಮಾಡುವ ಅಕ್ಕನನ್ನು ಮಕ್ಕಳು ಗೋಡೆಯ ಮುಂದೆ ನಿಲ್ಲಿಸಿ, ನಗಬೇಡಿ, ಅಳಬೇಡಿ, ಸುಮ್ಮನೆ ಎದುರಿಗೆ ನೋಡಿ ಅಂತ ಹೇಳಿ ಮೇಷ್ಟ್ರ ಫೋನಿನಲ್ಲಿ ಹತ್ತು ಸೆಕೆಂಡ್ ಚಿತ್ರ ತೆಗೆದರು. ಆಮೇಲೆ ಅದೇ ಹತ್ತು ಸೆಕೆಂಡಿಗೆ ಮೂರು ಬೇರೆ ಬೇರೆ ತುಣುಕು ಜೋಡಿಸಿದರು: ಒಂದರಲ್ಲಿ ಹಬೆಯಾಡುವ ಸಾಂಬಾರಿನ ಪಾತ್ರೆ, ಇನ್ನೊಂದರಲ್ಲಿ ಕೊಟ್ಟಿಗೆಯಲ್ಲಿ ಕಾಯಿಲೆ ಬಿದ್ದ ಕರು, ಮತ್ತೊಂದರಲ್ಲಿ ಕಬಡ್ಡಿಯಲ್ಲಿ ಗೆದ್ದು ಕಪ್ ಎತ್ತಿದ ಹುಡುಗಿ. ಎಂಟನೇ ತರಗತಿಯವರನ್ನು ಮೂರು ಗುಂಪು ಮಾಡಿ ಒಂದೊಂದು ಗುಂಪಿಗೆ ಒಂದೊಂದು ತೋರಿಸಿದಾಗ, ಮೊದಲನೆಯವರು ಅಕ್ಕನಿಗೆ ಹಸಿವಾಗಿದೆ ಅಂದರು. ಎರಡನೆಯವರು ಪಾಪ, ಕಣ್ಣಲ್ಲಿ ನೀರು ತಡೆದುಕೊಂಡಿದ್ದಾರೆ ಅಂದರು. ಮೂರನೆಯವರಿಗೆ ಆ ಮುಖದಲ್ಲಿ ಮಗಳು ಗೆದ್ದ ಹೆಮ್ಮೆ ಕಂಡಿತು. ಮೂರನ್ನೂ ಒಟ್ಟಿಗೆ ಹಾಕಿದ ಮೇಲೆ ಕೋಣೆಯೆಲ್ಲ ಗಪ್‌ಚುಪ್. ಬಾಗಿಲ ಬಳಿ ನಿಂತಿದ್ದ ಅಕ್ಕ ಅಂದರು, "ನಾನೇನೂ ಮಾಡ್ನಿಲ್ಲ ಕಣಿ, ಸುಮ್ಕೆ ನಿಂತಿದ್ದೆ."

ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಎಂಬ ನಿರ್ದೇಶಕ ಒಬ್ಬ ನಟನ ಒಂದೇ ಮುಖವನ್ನಿಟ್ಟುಕೊಂಡು ಇದೇ ಪ್ರಯೋಗ ಮಾಡಿದ್ದ. ಅರ್ಥ ಚಿತ್ರದೊಳಗೆ ಎಷ್ಟಿರುತ್ತದೆಯೋ, ಎರಡು ಚಿತ್ರಗಳ ಜೋಡಣೆಯಲ್ಲೂ ಅಷ್ಟೇ ಇರುತ್ತದೆ ಎಂದು ತೋರಿಸಿದವನು ಅವನು. ನಮ್ಮ ಫೋನಿಗೆ ದಿನಾ ಬಂದು ಬೀಳುವ ವಿಡಿಯೊಗಳನ್ನು ನೆನೆಸಿಕೊಳ್ಳಿ. ಎಲ್ಲಿಯದೋ ಗಲಾಟೆಗೆ ಇನ್ನೆಲ್ಲಿಯದೋ ಮುಖ ಅಂಟಿಸಿ, ಕೆಳಗೊಂದು ಸಂಗೀತ ಹಾಕಿದರೆ ನಮ್ಮ ರಕ್ತ ಕುದಿಯಲು ಅರ್ಧ ನಿಮಿಷ ಸಾಕು. ಸೋಪು ಮಾರುವವರಿಗಿಂತ ಸಿಟ್ಟು ಮಾರುವವರ ಬಗ್ಗೆಯೇ ನನಗೆ ಹೆಚ್ಚು ಭಯ.

ಹಾಗಾದರೆ ಜಾಹೀರಾತೆಲ್ಲ ಮೋಸವಾ ಮೇಡಂ ಎಂದು ಒಬ್ಬ ಹುಡುಗ ಕೇಳಿದ. ಅಲ್ಲ. ಪೋಲಿಯೋ ಲಸಿಕೆಗೆ 'ಎರಡು ಹನಿ' ಎಂದು ಊರೂರಿಗೂ ಸಾರಿದ್ದೂ ಪ್ರಚಾರವೇ. ರೋಗದ ವಿವರ ಬಿಟ್ಟು, ತಾಯಂದಿರ ಮನಸ್ಸಿಗೆ ನಾಟುವಂತೆ ಎರಡೇ ಪದ. 2011ರ ಜನವರಿಯ ನಂತರ ನಮ್ಮ ದೇಶದಲ್ಲಿ ನಿಸರ್ಗದಲ್ಲಿ ಹರಡುವ ಮೂಲ ಪೋಲಿಯೋ ವೈರಸ್‌ನಿಂದ ('ವೈಲ್ಡ್' ಪೋಲಿಯೋ) ಆದ ಒಂದು ಪ್ರಕರಣವೂ ಇಲ್ಲ. 2014ರ ಮಾರ್ಚ್‌ನಲ್ಲಿ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರವೂ ಬಂತು. ಲಸಿಕೆಯ ಜೊತೆ ಆ ಮಾತೂ ದುಡಿದಿದೆ.

ಇನ್ನೊಂದು ವಿಷಯ ನೇರವಾಗಿ ನಿಮಗೇ ಸಂಬಂಧಿಸಿದ್ದು. ಮುಂದಿನ ವರ್ಷ ನಿಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ. ಕೋಚಿಂಗ್ ಸೆಂಟರುಗಳ ಫ್ಲೆಕ್ಸುಗಳು ಆಗ ನಿಮ್ಮ ಕಣ್ಣಿಗೆ ಹೆಚ್ಚು ಬೀಳುತ್ತವೆ. ನನ್ನ ತಂಗಿಯ ಮಗನನ್ನು ಅಂಥ ಒಂದು ಫ್ಲೆಕ್ಸ್‌ನಲ್ಲಿದ್ದ ರ‍್ಯಾಂಕ್ ಹುಡುಗಿಯ ಫೋಟೊ ನೋಡಿಯೇ ಸೇರಿಸಿದ್ದೆವು, ಸಾಲ ಮಾಡಿ ಫೀಸು ಕಟ್ಟಿ. ಆ ಹುಡುಗಿ ಅಲ್ಲಿ ಬರೆದದ್ದು ಕೆಲವೇ ಮಾದರಿ ಪರೀಕ್ಷೆ ಎಂದು ತಿಳಿದದ್ದು ವರ್ಷ ಮುಗಿದ ಮೇಲೆ. ಟೀಚರ್ ಆದ ನಾನೇ ಕೇಳಬೇಕಾದ ಪ್ರಶ್ನೆ ಕೇಳಲಿಲ್ಲ ಎಂಬ ನೋವು ಇನ್ನೂ ಇದೆ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆಂದೇ ಮಾರ್ಗಸೂಚಿ ಹೊರಡಿಸಿದೆ: ಫೋಟೊ ಹಾಕಲು ವಿದ್ಯಾರ್ಥಿಯ ಲಿಖಿತ ಒಪ್ಪಿಗೆ ಬೇಕು, ಯಾವ ಕೋರ್ಸ್, ಎಷ್ಟು ಅವಧಿ ಎಂದು ಜೊತೆಗೇ ತಿಳಿಸಬೇಕು, ಆಯ್ಕೆ ಗ್ಯಾರಂಟಿ ಎಂದು ಹೇಳುವಂತಿಲ್ಲ. ಸೇರಿಸುವ ಮೊದಲು ಈ ಮೂರನ್ನು ಕೇಳಿ. ದೂರು ಕೊಡಬೇಕಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ನಿಮ್ಮಲ್ಲಿ ಒಂದು ಬೇಡಿಕೆ. ಈ ಪಾಠ ಶುರುವಾದ ಮೇಲೆ ಮಗ ಟೀವಿ ಮುಂದೆ ಕೂತು, ಇದನ್ನ ಯಾರು ಹೇಳ್ತಿದ್ದಾರೆ, ಹೇಳಿದ್ದರಿಂದ ಅವರಿಗೇನು ಲಾಭ ಅಂತೆಲ್ಲ ಕೇಳುತ್ತಾನೆ ಎಂದು ಒಬ್ಬ ತಾಯಿ ಹೇಳಿದರು. ಅದನ್ನು ಎದುರುತ್ತರ ಅಂದುಕೊಂಡು ಗದರಬೇಡಿ. ಗೊತ್ತಿದ್ದರೆ ಉತ್ತರ ಕೊಡಿ, ಇಲ್ಲದಿದ್ದರೆ ಜೊತೆಯಲ್ಲಿ ಕೂತು ಹುಡುಕಿ. ನಾಳೆ ಅವನು ನಿಮ್ಮನ್ನೂ, ನನ್ನನ್ನೂ ಇದೇ ಪ್ರಶ್ನೆ ಕೇಳಬಹುದು, ಕೇಳಲಿ.

ಮನೆಯಲ್ಲಿರುವ ಹಳೆಯ ಕರಪತ್ರ, ಬಿತ್ತನೆ ಬೀಜದ ಖಾಲಿ ಚೀಲ, ಬಿಸ್ಕತ್ತಿನ ಕವರು ಏನಿದ್ದರೂ ಮಕ್ಕಳ ಕೈಯಲ್ಲಿ ಕಳಿಸಿ. ದುಡ್ಡು ಕೊಟ್ಟು ಏನನ್ನೂ ತರಬೇಡಿ, ಮಕ್ಕಳ ಕೈಗೆ ಫೋನ್ ಕೊಟ್ಟು ಕಳಿಸುವುದೂ ಬೇಡ. ಮುಂದಿನ ಶನಿವಾರ ಬೆಳಿಗ್ಗೆ 10 ಗಂಟೆಗೆ ಮಕ್ಕಳು ತಮ್ಮ ಕೆಲಸವನ್ನು ನಿಮಗೆ ತೋರಿಸುತ್ತಾರೆ. ಅಡುಗೆ ಅಕ್ಕನ ಮೂರು ಚಿತ್ರಗಳೂ ಇರುತ್ತವೆ. ಗದ್ದೆ ಕೆಲಸವಿದ್ದರೆ ಮನೆಯಿಂದ ಒಬ್ಬರಾದರೂ ಬನ್ನಿ.

ಇಂತಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಪ್ರೌಢಶಾಲೆ, ಮಂಡ್ಯ ತಾಲ್ಲೂಕು