ಬೈಸನ್ ಪಾಠ ಮಾಡುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಚಿತ್ರದುರ್ಗದ ನಿನ್ನ ಮಕ್ಕಳಿಗೆ ಬೈಸನ್ ಬಗ್ಗೆ ಹೇಳುವಾಗ ಭದ್ರಾ ಕಾಡಿನ ಕಾಟಿಯ ಚಿತ್ರ ತೋರಿಸಿಬಿಡಬೇಡ. ನಮ್ಮಲ್ಲಿ ಕಾಟಿಯನ್ನೂ ಬೈಸನ್ ಅನ್ನುತ್ತಾರೆ, ಆದರೆ ಎರಡೂ ಬೇರೆ ಬೇರೆ ಪ್ರಾಣಿ. ಕಾಟಿಯದು ನುಣುಪು ಮೈ, ಮೊಣಕಾಲಿನ ಕೆಳಗೆ ಬಿಳಿ. ಅಮೆರಿಕ, ಯುರೋಪಿನ ಬೈಸನ್‌ಗೆ ತಲೆ, ಕತ್ತು, ಎದೆ ತುಂಬ ದಟ್ಟ ತುಪ್ಪಳ.

ಡುಬ್ಬದಿಂದ ಶುರುಮಾಡು. ಅಮೃತಮಹಲ್ ಹೋರಿ ನೋಡಿದ ಮಕ್ಕಳಿಗೆ ಬೇಗ ಹತ್ತುತ್ತದೆ. ಹೋರಿಯ ಡುಬ್ಬದಲ್ಲಿ ಬರೀ ಮಾಂಸಖಂಡ, ಕೊಬ್ಬು. ಬೈಸನ್‌ನ ಡುಬ್ಬದೊಳಗೆ ಬೆನ್ನುಮೂಳೆಯಿಂದ ಮೇಲೆದ್ದ ಉದ್ದುದ್ದ ಎಲುಬುಗಳಿವೆ. ಅವನ್ನು ಹಿಡಿದ ಸ್ನಾಯುಗಳ ಬಲದಿಂದಲೇ ಅದು ಭಾರದ ತಲೆಯನ್ನು ಅತ್ತಿತ್ತ ಬೀಸಿ, ಹಿಮ ಸರಿಸಿ, ಅಡಿಯ ಹುಲ್ಲು ಮೇಯುತ್ತದೆ. ಗೋಡೆಯ ಮೇಲೆ 1.8 ಮೀಟರಿಗೆ ಸೀಮೆಸುಣ್ಣದ ಗೆರೆ ಎಳೆ. ದೊಡ್ಡ ಗಂಡಿನ ಭುಜ ಅಷ್ಟೆತ್ತರ, ತೂಕ ಸುಮಾರು 900 ಕಿಲೋ. ಆದರೂ ಗಂಟೆಗೆ 55 ಕಿ.ಮೀ. ವೇಗದಲ್ಲಿ ಓಡಬಲ್ಲದು. ಅದಕ್ಕೇ ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ಅದರಿಂದ ಕನಿಷ್ಠ 23 ಮೀಟರ್ ದೂರ ನಿಲ್ಲಬೇಕು ಅನ್ನೋ ನಿಯಮ ಇದೆ.

ಹೊರಳುಗುಂಡಿಯ ವಿಷಯ ಮಾತ್ರ ನಿಧಾನವಾಗಿ ಹೇಳು. ಬೈಸನ್ ಯಾಕೆ ಬೇಕು ಅನ್ನೋದಕ್ಕೆ ನನ್ನ ಪ್ರಕಾರ ಇದಕ್ಕಿಂತ ಒಳ್ಳೆ ಉತ್ತರ ಇಲ್ಲ. ಕೀಟಗಳ ಕಾಟ ತಪ್ಪಿಸಿಕೊಳ್ಳಲು, ಉದುರುವ ತುಪ್ಪಳ ಕೊಡವಲು ಅದು ಒಣಮಣ್ಣಿನಲ್ಲಿ ಹೊರಳುತ್ತದೆ. ಒಂದೇ ಜಾಗದಲ್ಲಿ ಹೊರಳಿ ಹೊರಳಿ ಹುಲ್ಲು ಕಿತ್ತು, ನೆಲ ಒತ್ತಿ ಗಟ್ಟಿಯಾಗಿ, ಕೆಲವು ಮೀಟರ್ ಅಗಲದ ತಗ್ಗು ಬೀಳುತ್ತದೆ. ಗಟ್ಟಿ ನೆಲದಲ್ಲಿ ನೀರು ಬೇಗ ಇಂಗುವುದಿಲ್ಲ. ಮಳೆ ಬಂದಾಗ ಅಲ್ಲಿ ಕಪ್ಪೆಗಳು ಮೊಟ್ಟೆ ಇಡುತ್ತವೆ, ಸುತ್ತಲಿನ ಬಯಲಲ್ಲಿ ಇಲ್ಲದ ಗಿಡಗಳು ಹುಟ್ಟುತ್ತವೆ. ಬೈಸನ್ ಹೆಚ್ಚಾಗಿ ಹುಲ್ಲನ್ನೇ ಮೇಯುವುದರಿಂದ ಹೂಗಿಡಗಳಿಗೂ ಬಿಸಿಲು ಸಿಗುತ್ತದೆ. ಉದುರಿದ ತುಪ್ಪಳವನ್ನು ಹಕ್ಕಿಗಳು ಗೂಡಿಗೆ ಒಯ್ಯುತ್ತವೆ.

ಇತಿಹಾಸವನ್ನು ಮುಚ್ಚಿಡಬೇಡ. ಉತ್ತರ ಅಮೆರಿಕದಲ್ಲಿ ಬೈಸನ್‌ಗಳು ಕೋಟಿಗಟ್ಟಲೆ ಇದ್ದವು. 1870ರ ದಶಕದಲ್ಲಿ ರೈಲು ಹುಲ್ಲುಗಾವಲು ದಾಟಿತ್ತು, ಕಾರ್ಖಾನೆಯ ಯಂತ್ರಗಳ ಬೆಲ್ಟಿಗೆ ಚರ್ಮ ಬೇಕಿತ್ತು. ಬೇಟೆಗಾರರು ಚರ್ಮ ಸುಲಿದು ಮಾಂಸವನ್ನು ಕೊಳೆಯಲು ಬಿಟ್ಟರು. ಬೈಸನ್ ನಂಬಿ ಬದುಕಿದ್ದ ಲಕೋಟಾ ಜನಾಂಗದಂಥ ಮೂಲನಿವಾಸಿಗಳ ಊಟ, ಬಟ್ಟೆ, ಗುಡಾರ ಎಲ್ಲವೂ ಹೋಯಿತು. 1880ರ ದಶಕ ಮುಗಿಯುವಷ್ಟರಲ್ಲಿ ಉಳಿದದ್ದು ಸಾವಿರದ ಆಸುಪಾಸು. 1907ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಮೃಗಾಲಯದಿಂದ 15 ಬೈಸನ್‌ಗಳನ್ನು ರೈಲಿನಲ್ಲಿ ಒಕ್ಲಹೋಮಕ್ಕೆ ಕಳಿಸಿ ಹಿಂಡು ಕಟ್ಟಿದರು.

ಯುರೋಪಿನಲ್ಲಿ ಕಾಡಿನ ಕೊನೆಯ ಬೈಸನ್ 1927ರಲ್ಲಿ ಕಾಕಸಸ್ ಬೆಟ್ಟಗಳಲ್ಲಿ ಸತ್ತಿತು. ಈಗಿರುವವೆಲ್ಲ ಸೆರೆಯಲ್ಲಿ ಉಳಿದಿದ್ದ 12 ಪ್ರಾಣಿಗಳ ಸಂತಾನ. 1952ರಲ್ಲಿ ಪೋಲೆಂಡಿನ ಬಿಯಾವೊವೀಜಾ ಕಾಡಿಗೆ ಮತ್ತೆ ಬಿಟ್ಟರು, ಈಗ ಯುರೋಪಿನಲ್ಲಿ ಒಟ್ಟು ಸಾವಿರಾರು ಆಗಿವೆ. ಸಂಖ್ಯೆ ಏರಿತು, ಎಲ್ಲ ಸರಿಯಾಯಿತು ಅಂತ ಮಾತ್ರ ಹೇಳಬೇಡ. ಹತ್ತಿರದ ರಕ್ತಸಂಬಂಧದಲ್ಲೇ ಬೆಳೆದ ವಂಶ ಆದ್ದರಿಂದ ಒಂದು ರೋಗ ಹೊಕ್ಕರೆ ಇಡೀ ಹಿಂಡಿಗೇ ಕುತ್ತು. ಅದಕ್ಕೇ ಇವತ್ತಿಗೂ ಯಾವುದು ಯಾವುದರ ಕರು ಅಂತ ವಂಶಾವಳಿ ಬರೆದಿಡುತ್ತಾರೆ.

ನಿನ್ನ ಗೆಳೆಯ,
ದಾವಣಗೆರೆ