ಕಿತ್ತೂರು ಕೋಟೆಯ ದಂಡಿಗೆ ರೊಟ್ಟಿ ಬಡಿದವರು ಯಾರು?

ಸಂಪಾದಕರಿಗೆ ನಮಸ್ಕಾರ.

ಕಿತ್ತೂರು ಉತ್ಸವ ಬಂತೆಂದರೆ ನಮ್ಮ ಕಡೆ ಎಲ್ಲಿ ನೋಡಿದರೂ ಕುದುರೆ ಏರಿ ಕತ್ತಿ ಹಿರಿದ ಚೆನ್ನಮ್ಮನ ಕಟೌಟ್. ಇರಲಿ, ಬೇಡ ಅನ್ನುತ್ತಿಲ್ಲ. 1824ರ ಅಕ್ಟೋಬರ್ 23ರಂದು ಕಲೆಕ್ಟರ್ ಥ್ಯಾಕರೆಯೇ ಸತ್ತು ಬಿದ್ದು ಕಂಪನಿ ದಂಡು ಸೋತದ್ದು ಸಣ್ಣ ಮಾತಲ್ಲ. ಆದರೆ ಆ ಯುದ್ಧದಲ್ಲಿ ಹೆಣ್ಣುಮಕ್ಕಳು ಅಂದ್ರೆ ರಾಣಿ ಒಬ್ಬಳೇ ಅನ್ನೋ ಹಾಗೆ ಭಾಷಣ ಮುಗಿಸಿಬಿಡುತ್ತಾರಲ್ಲ, ಅದಕ್ಕೇ ಈ ಪತ್ರ.

ಸಾದಾ ವಿಷಯ ಕೇಳ್ತೀನಿ. ಕೋಟೆಯಲ್ಲಿದ್ದ ಅಷ್ಟು ಜನ ಏನು ತಿಂದರು? ನಮ್ಮ ಸೀಮೆಯಲ್ಲಿ ಜೋಳದ ರೊಟ್ಟಿ ಬಿಟ್ಟರೆ ಇನ್ನೇನು. ಜೋಳದ ಹಿಟ್ಟನ್ನು ಒಮ್ಮೆಲೇ ಬೀಸಿ ತಿಂಗಳುಗಟ್ಟಲೆ ಇಡಲು ಬರುವುದಿಲ್ಲ. ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ಅಂಚು ಬಿರಿಯುತ್ತದೆ, ಎತ್ತಿ ಹಂಚಿಗೆ ಹಾಕುವಷ್ಟರಲ್ಲಿ ಹರಿದೇ ಹೋಗುತ್ತದೆ. ಅಂದಮೇಲೆ ಗಂಡಸರು ತೋಪು, ಮದ್ದು ಅಂತ ಓಡಾಡುವಾಗ ನಸುಕಿನಲ್ಲೇ ಎದ್ದು ಬೀಸುಕಲ್ಲಿನ ಮುಂದೆ ಕೂತವರು ಇರಲೇಬೇಕಲ್ವಾ? ಮುಂದೆ ಸಂಗೊಳ್ಳಿ ರಾಯಣ್ಣ ಬಂಡೆದ್ದಾಗಲೂ ಅಷ್ಟೇ. ಕಾಡು ಸೇರಿ ಕಾದಾಡುವವರಿಗೆ ಅಡುಗೆಮನೆ ಎಲ್ಲಿಂದ ಬರಬೇಕು? ಊರಿನ ಒಲೆಯೇ ಗತಿ. ಕಟಕ ರೊಟ್ಟಿ, ಅಂದ್ರೆ ಗರಿಗರಿಯಾಗಿ ಒಣಗಿಸಿದ ರೊಟ್ಟಿ ಆದರೆ ವಾರಗಟ್ಟಲೆ ಕೆಡುವುದಿಲ್ಲ, ಗಂಟು ಕಟ್ಟಿ ಕೊಡಬಹುದು. ಆದರೆ ಕೊಟ್ಟದ್ದು ಗೊತ್ತಾದರೆ ಸಿಕ್ಕಿಬೀಳುವುದು ಆ ಮನೆಯೇ.

ಚೆನ್ನಮ್ಮನ ಕಥೆಯನ್ನೂ ನಾವು ಪೂರ್ತಿ ಹೇಳುವುದಿಲ್ಲ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಆಮೇಲೆ ಆಕೆ ನಮ್ಮ ಬೈಲಹೊಂಗಲದಲ್ಲಿ ನಾಲ್ಕು ವರ್ಷಕ್ಕೂ ಜಾಸ್ತಿ ಸೆರೆಯಲ್ಲಿದ್ದು, 1829ರ ಫೆಬ್ರವರಿ 2ರಂದು ಅಲ್ಲೇ ತೀರಿಕೊಂಡಳು. ಯುದ್ಧ ನಡೆದದ್ದು ಕೆಲವೇ ದಿನ. ಸೆರೆಯ ಆ ವರ್ಷಗಳಿಗೆ ಭಾಷಣದಲ್ಲಿ ಸಿಗುವುದು ಒಂದು ಸಾಲು.

ಈ ವಿಷಯದಲ್ಲಿ ಲಾವಣಿಕಾರರೇ ಎಷ್ಟೋ ವಾಸಿ. ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು 1857ರಲ್ಲಿ ಬ್ರಿಟಿಷರಿಗೆ ಹತಾರ ಒಪ್ಪಿಸಲ್ಲ ಅಂತ ಎದ್ದು ನಿಂತರು, ಅವರ ದಂಡು ಬಂದು ಊರನ್ನೇ ಸುಟ್ಟಿತು. ಆ ಕಥೆಯ ಲಾವಣಿ ಮಕ್ಕಳ ಪಠ್ಯದಲ್ಲೂ ಇತ್ತು. ಅದರಲ್ಲಿ ಲೂಟಿಯಾದ ಸಾಮಾನಿನ ಪಟ್ಟಿ ಬರುತ್ತದೆ, ನೆನಪಿದೆಯಾ? ಬಂಗಾರ, ಬೆಳ್ಳಿ ಅಂತಲ್ಲ. ಉಪ್ಪು, ಎಣ್ಣೆ, ಅರಿಷಿಣ, ಜೀರಿಗೆ, ಕೊನೆಗೆ ಮಂಗಳಸೂತ್ರ, ಬೀಸುಕಲ್ಲು! ಪರೀಕ್ಷೆಗೆ ಅಂತ ಮಕ್ಕಳು ಅದನ್ನು ಸುಮ್ನೆ ಬಾಯಿಪಾಠ ಮಾಡಿದರು. ಬೀಸುಕಲ್ಲು ಹೋದ ಮನೆಯಲ್ಲಿ ಮರುದಿನ ಒಲೆ ಹೇಗೆ ಹತ್ತಿತು, ಗಂಡ ಗಲ್ಲಿಗೇರಿದ ಮೇಲೆ ಆ ಹೆಂಗಸು ಹೊಲ ಹೇಗೆ ಮಾಡಿದಳು ಅಂತ ಯಾವ ತರಗತಿಯಲ್ಲಿ ಮಾತಾಡಿದ್ದೇವೆ ಹೇಳಿ.

ನಾನು ಕೇಳುವುದು ದೊಡ್ಡದೇನಲ್ಲ. ಉತ್ಸವದಲ್ಲಿ ಮೆರವಣಿಗೆ ಇರಲಿ, ರಸಮಂಜರಿ ಇರಲಿ. ಅದೇ ದೊಡ್ಡ ವೇದಿಕೆಯಲ್ಲಿ, ಜನ ಸೇರಿರುವ ಹೊತ್ತಿಗೇ, ಒಂದು ತಾಸು ಬೀಸುಕಲ್ಲಿನ ಪದಗಳಿಗೆ ಕೊಡಿ. ಹಿಟ್ಟಿನ ಗಿರಣಿ ಬಂದಮೇಲೆ ಹಾಡುವ ಸಂದರ್ಭವೇ ಹೋಯಿತು, ಆದರೂ ಆ ಪದಗಳು ಬಾಯಲ್ಲಿರುವ ಅಜ್ಜಿಯರು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಗಾಡಿ ಕಳಿಸಿ ಕರೆಸಿ, ಕಲಾವಿದರಿಗೆ ಕೊಡುವ ಸಂಭಾವನೆಯನ್ನೇ ಅವರಿಗೂ ಕೊಡಿ, ಹಾಡಿದ್ದನ್ನು ರೆಕಾರ್ಡ್ ಮಾಡಿಡಿ. ಮುಂದಿನ ವರ್ಷ ನೋಡೋಣ ಅನ್ನಬೇಡಿ, ಅವರಿಗೆಲ್ಲ ಈಗಲೇ ಎಂಬತ್ತು ದಾಟಿದೆ.

— ನಿವೃತ್ತ ಶಿಕ್ಷಕಿ, ಬೈಲಹೊಂಗಲ