ಮಗಳಿಗೊಂದು ಪತ್ರ: ಆ ಒಂದು ಗಂಟೆ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನಾನು ಅಂದದ್ದನ್ನು ಮತ್ತೆ ಬರೆಯುವುದಿಲ್ಲ. ಮೂರು ದಿನದಿಂದ ನಿನ್ನ ಅಮ್ಮ ಅದನ್ನೇ ನನಗೆ ಒಪ್ಪಿಸುತ್ತಿದ್ದಾಳೆ. ಊರವರ ಸರಳ ವಿವಾಹಗಳಲ್ಲಿ ಭಾಷಣ ಬಿಗಿದು ಬಂದವನು, ಮಗಳು ಪುರೋಹಿತರಿಲ್ಲದೆ ಕ್ವೇಕರರ ಸಭಾಮನೆಯಲ್ಲಿ ಮದುವೆಯಾಗುತ್ತೇನೆ ಎಂದ ಕೂಡಲೇ ಕೂಗಾಡಿ ಫೋನ್ ಇಟ್ಟುಬಿಟ್ಟೆ.

ಹೋದ ವರ್ಷ ನ್ಯೂಯಾರ್ಕಿನ ಫ್ಲಶಿಂಗ್‌ನ ಗಣಪತಿ ದೇವಸ್ಥಾನದಲ್ಲಿ ದೋಸೆ ತಿನ್ನಿಸಿ ನನ್ನನ್ನು ಆ ಕ್ವೇಕರ್ ಸಭಾಮನೆಗೆ, ಮೌನವನ್ನೇ ಪ್ರಾರ್ಥನೆ ಮಾಡಿಕೊಂಡ ಆ ಕ್ರೈಸ್ತ ಪಂಥದವರಲ್ಲಿಗೆ, ಕರೆದೊಯ್ದೆಯಲ್ಲ, ಅದೇ ಕಣ್ಣ ಮುಂದೆ ಬರುತ್ತಿದೆ. ಪಾದ್ರಿ ಇಲ್ಲ, ಹಾಡಿಲ್ಲ, ಒಂದು ಗಂಟೆ ಮೌನವಾಗಿ ಕೂರುವುದು. ಹೊರಗೆ ಬಸ್ಸಿನ ಸದ್ದು, ಒಳಗೆ ನನ್ನ ಹೊಟ್ಟೆಯ ಗುಡುಗುಡು. ಎದುರು ಕುಳಿತಿದ್ದ ಅಜ್ಜಿಯ ಮಡಿಲಿನಿಂದ ಬೂದುಬಣ್ಣದ ಕೈಗವಸೊಂದು ಜಾರಿ ಬಿತ್ತು. ಅವರು ಕಣ್ಣು ತೆರೆಯಲಿಲ್ಲ. ಎತ್ತಿಕೊಡಲೇ, ಬೇಡವೇ? ಎದ್ದರೆ ಎಲ್ಲರ ಧ್ಯಾನ ಕೆಟ್ಟೀತೇ? ನಡುವೆ ಯಾರೋ ಎದ್ದು ಎರಡು ಮಾತಾಡಿ ಕುಳಿತರು. ಏನಂದರೋ ತಿಳಿಯದು, ನನ್ನ ಗಮನವೆಲ್ಲ ಕೈಗವಸಿನ ಮೇಲೆ. ಕೊನೆಗೆ ಎಲ್ಲರೂ ಕೈಕುಲುಕುವಾಗ ನೀನು ಬಗ್ಗಿ ಅದನ್ನು ಎತ್ತಿಕೊಟ್ಟೆ. ಅಷ್ಟು ಸಲೀಸಾಗಿ. ನೀನು ಅಲ್ಲಿಯವಳಾಗಿಬಿಟ್ಟೆ ಎಂದು ಎದೆ ಧಸಕ್ಕೆಂದದ್ದು ಆಗಲೇ. ಫೋನಿನಲ್ಲಿ ಕೂಗಿದ್ದು ಆ ಭಯವೇ ಇರಬೇಕು.

ನಿನ್ನೊಡನೆ ವಾದಕ್ಕೆಂದೇ ಆ ಸಭಾಮನೆಯ ಚರಿತ್ರೆ ಓದಲು ಕುಳಿತೆ. ನನಗೆ ಅನುಕೂಲವಾದದ್ದು ಒಂದೂ ಸಿಗಲಿಲ್ಲ. 1657ರಲ್ಲಿ ಡಚ್ ಗವರ್ನರ್ ಸ್ಟೈವೆಸೆಂಟ್ ಕ್ವೇಕರರಿಗೆ ನೆರಳು ಕೊಡಬಾರದೆಂದಾಗ ಊರಿನ 30 ಮಂದಿ ಪ್ರತಿಭಟನೆಯ ಪತ್ರಕ್ಕೆ ಸಹಿ ಹಾಕಿದರಂತೆ. ಅವರಾರೂ ಕ್ವೇಕರರಲ್ಲ! ಗುಮಾಸ್ತ ಎಡ್ವರ್ಡ್ ಹಾರ್ಟ್ ಸೆರೆಮನೆ ಕಂಡ. 1662ರಲ್ಲಿ ಜಾನ್ ಬೌನ್ ತನ್ನ ಮನೆಯಲ್ಲೇ ಸಭೆಗೆ ಜಾಗ ಕೊಟ್ಟ. ದಂಡ ಕಟ್ಟು ಎಂದರೆ ಕಟ್ಟಲಿಲ್ಲ. ಗಡೀಪಾರಾಗಿ ಹಾಲೆಂಡಿಗೆ ಹೋಗಿ ಆಗ ಆ ಸೀಮೆಯನ್ನು ಆಳುತ್ತಿದ್ದ ಡಚ್ ವೆಸ್ಟ್ ಇಂಡಿಯಾ ಕಂಪನಿಯ ಯಜಮಾನರ ಮುಂದೆ ವಾದಿಸಿ ಗೆದ್ದು ಬಂದ. ಸಭಾಮನೆ ಎದ್ದದ್ದು 1694ರಲ್ಲಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರು ಅದನ್ನು ಸೆರೆಮನೆ ಮಾಡಿದರು, ಆಸ್ಪತ್ರೆ ಮಾಡಿದರು, ಹುಲ್ಲನ್ನೂ ತುಂಬಿದರು. ಅವರು ಹೋದ ಮೇಲೆ ಕ್ವೇಕರರು ಮತ್ತೆ ಬಂದು ಸುಮ್ಮನೆ ಕುಳಿತರು. ನಮ್ಮ ಗಣಪತಿ ಇರುವುದು ಬೌನ್ ಬೀದಿಯಲ್ಲೇ ಅಲ್ಲವೇ? ಆ ಹೆಸರು ಯಾರದೆಂದು ಅಂದು ನಾನು ಕೇಳಲೂ ಇಲ್ಲ, ದೋಸೆ ತಣ್ಣಗಿದೆ ಎಂದು ಗೊಣಗಿದೆ.

ಆದರೂ ಹೇಳುತ್ತೇನೆ, ಬೌನ್‌ನಷ್ಟು ಹಟ ಒಳ್ಳೆಯದಲ್ಲ. ಅವನ ಹೆಂಡತಿ ಹನ್ನಾ ಮಕ್ಕಳನ್ನು ಕಟ್ಟಿಕೊಂಡು ಹೇಗಿದ್ದಳೋ. ಮದುವೆಯಾದರೂ ಬ್ಯಾಂಕ್ ಖಾತೆ ನಿನ್ನ ಹೆಸರಿನಲ್ಲೇ ಇರಲಿ. ವೀಸಾ ಕಾಗದ ಪೂರ್ತಿ ಓದದೆ ಸಹಿ ಹಾಕಬೇಡ. ಚಳಿಗೆ ಕಿವಿ ಮುಚ್ಚಿಕೋ. ಇರಲಿ, ಮತ್ತೆ ಶುರುಮಾಡಿದೆ.

ಮದುವೆಗೆ ಬಂದವರೆಲ್ಲ ಸಾಕ್ಷಿಯಾಗಿ ಸಹಿ ಹಾಕಬೇಕಂತೆ. ನನ್ನದು ಕನ್ನಡದಲ್ಲಿದ್ದರೆ ನಡೆಯುತ್ತದೆಯೇ, ಕೇಳಿ ತಿಳಿಸು. ನನಗೆ ಬಾಗಿಲ ಬಳಿಯ ಬೆಂಚು ಸಾಕು. ಕೆಮ್ಮು ಬಂದರೆ ಎದ್ದು ಹೋಗಬಹುದು.

ನಿನ್ನ ಅಪ್ಪ